ಎಡಗಿವಿಯ ರೇಷ್ಮೆ

ಮೈಸೂರು
3 ಮಾರ್ಚ್ 1979

ಶೇಖರಕ್ಕನಿಗೆ ಹಂಪಣ್ಣನ ಶರಣು.

"ಮೊಲದ ಕಿವಿ ಹಿಡಿದುಕೊಂಡು ಕೂತಿರುತ್ತೀಯಂತೆ, ಅದಕ್ಕೇ ಸಂಬಳ ಕೊಡುತ್ತಾರೇನೋ" ಎಂದು ಕೇಳಿದ್ದೆಯಲ್ಲ, ಹೌದು, ಅದಕ್ಕೇ ಕೊಡುತ್ತಾರೆ. ಈಗ ಮೊಲಗಳ ಸರದಿ ಮುಗಿದು ಮನುಷ್ಯರ ಸರದಿ ಬಂದಿದೆ. ಈ ಪತ್ರ ಅದಕ್ಕಾಗಿಯೇ.

ನನ್ನ ಕೆಲಸ ಇಷ್ಟು. ರೇಷ್ಮೆ ಗೂಡನ್ನು ಸೋಡಾ ನೀರಿನಲ್ಲಿ ಕುದಿಸಿ ಎಳೆಯ ಮೇಲಿನ ಅಂಟು ತೆಗೆಯುತ್ತೇನೆ. ಉಳಿದ ಎಳೆಯನ್ನು ಒಂದು ಬಗೆಯ ಉಪ್ಪಿನ ದ್ರಾವಣದಲ್ಲಿ ಕರಗಿಸಿ, ಉಪ್ಪನ್ನೆಲ್ಲ ತೊಳೆದು, ಗಾಜಿನ ಮೇಲೆ ತೆಳ್ಳಗೆ ಹರಡಿ ಒಣಗಿಸುತ್ತೇನೆ. ಮೆಲ್ಲಗೆ ಎಬ್ಬಿಸಿದರೆ ಈರುಳ್ಳಿಯ ಒಳಸಿಪ್ಪೆಯಂಥ ಪದರ ಬರುತ್ತದೆ. ಕಿವಿಯ ತಮಟೆ ತೂತಾಗಿದ್ದರೆ ಆ ತೂತಿನ ಮೇಲೆ ಇದನ್ನು ಹಚ್ಚಬೇಕು. ಮೈ ಇದನ್ನು ಬೇಡವೆಂದು ದೂಡುವುದಿಲ್ಲ. ಬಳ್ಳಿಗೆ ಚಪ್ಪರ ಸಿಕ್ಕ ಹಾಗೆ ಇದರ ಆಸರೆಯಲ್ಲಿ ಚರ್ಮ ಬೆಳೆಯುತ್ತದೆ. ಮೊಲಗಳಲ್ಲಿ ಬೆಳೆದಿದೆ. ಇಬ್ಬರು ರೋಗಿಗಳಲ್ಲೂ ಬೆಳೆಯುತ್ತಿದೆ.

ನಿನ್ನ ಎಡಗಿವಿ ನೆನಪಾಯಿತು. ನಮ್ಮ ಜೊತೆ ಕೆಲಸ ಮಾಡುವ ಡಾಕ್ಟರ್ ಶಹನಾಜಬೇಗಂ ಅವರ ಕೈ ಬಹಳ ಹಗುರ, ನೋವು ಗೊತ್ತಾಗುವುದಿಲ್ಲ. ಅರ್ಜಿಯಲ್ಲಿ ಕಿವಿ ಹೋದ ಕಾರಣ ಬರೆಯಬೇಕು. ಬಾವಿಯ ಮೆಟ್ಟಿಲ ಮೇಲೆ ಬಿದ್ದೆ ಎಂದು ಅವ್ವ ಹೇಳುತ್ತಿದ್ದಳು. ಆಗ ನಾನು ಧಾರವಾಡದಲ್ಲಿ ಓದುತ್ತಿದ್ದೆ, ಹೆಚ್ಚು ಗೊತ್ತಿಲ್ಲ. ಹಾಗೆಯೇ ಬರೆಯಲೇ?

ನಿನ್ನ ತಮ್ಮ,
ಹಂಪಣ್ಣ

ಯಲಬುರ್ಗಾ
21 ಮಾರ್ಚ್ 1979

ಹಂಪಣ್ಣನಿಗೆ ಅಕ್ಕನ ಆಶೀರ್ವಾದ. ನಾವು ತಾಯಿ ಮಗ ಇಬ್ಬರೂ ಆರಾಮ. ಅಮರನ ಕೆಲಸ ತಾಲೂಕು ಕಚೇರಿಯಲ್ಲಿ ಕಾಯಂ ಆಯಿತು. ಮಧ್ಯಾಹ್ನ ಊಟಕ್ಕೆ ಮನೆಗೇ ಬರುತ್ತಾನೆ. ಕಚೇರಿಗೆ ಹೋಗಲು ಹತ್ತಿದ ಮೇಲೆ ಸ್ವರವೂ ಗಡುಸಾಗಿದೆ, ಸಾಹೇಬನ ಹಾಗೆ.

ಮೊಲ ಮುಗಿಸಿ ಅಕ್ಕನ ಮೇಲೆ ಬಂದಿಯೇನು? ನನ್ನ ಎಡಗಿವಿಯಿಂದ ಯಾರಿಗೂ ತ್ರಾಸಿಲ್ಲ ನೋಡು. ಮಧ್ಯಾಹ್ನ ಪಡಸಾಲೆಯಲ್ಲಿ ಬಲಮಗ್ಗುಲಾಗಿ ಅಡ್ಡಾದರೆ ಒಳ್ಳೆಯ ಕಿವಿ ದಿಂಬಿನಲ್ಲಿ ಹುಗಿದು ಹೋಗುತ್ತದೆ. ಬಸ್ ಸ್ಟ್ಯಾಂಡಿನ ಗದ್ದಲವಿಲ್ಲ, ಪಕ್ಕದ ಮನೆ ಮುದಕಮ್ಮನ ಬೈಗುಳವಿಲ್ಲ. ಇಂಥ ನಿದ್ದೆ ತಹಶೀಲ್ದಾರರಿಗೂ ಇರಲಿಕ್ಕಿಲ್ಲ. ಆದರೂ ನೀನು ಇಷ್ಟು ಓದಿ ಮಾಡಿದ್ದನ್ನು ಬೇಡ ಎನ್ನಲು ಮನಸ್ಸಾಗುವುದಿಲ್ಲ. ಯುಗಾದಿ ಮುಗಿಸಿ ಬರುತ್ತೇನೆ.

ಕಾರಣ ಬಾವಿಯ ಮೆಟ್ಟಿಲು ಎಂದೇ ಬರೆ.

ನಮ್ಮ ಓಣಿಯ ಅಮೀನಸಾಬ ಮಗಳನ್ನು ನೋಡಲು ಮೈಸೂರಿಗೆ ಹೊರಟಿದ್ದ. ಅವನ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ನನ್ನ ಲಗ್ನದ ಇಳಕಲ್ ಸೀರೆಯ ಸೆರಗು ಅದರಲ್ಲಿದೆ. ಒಡಲು ನೂಲಿನದು, ಸೆರಗು ಮಾತ್ರ ಅಚ್ಚ ರೇಷ್ಮೆ. ನನ್ನ ಕಿವಿಗೆ ಹಚ್ಚುವುದಾದರೆ ಇದನ್ನೇ ಕುದಿಸಿ ಕರಗಿಸು. ಎಲ್ಲಿಯದೋ ರೇಷ್ಮೆ ನನಗೆ ಯಾಕೆ? ಪೂರಾ ಕರಗಿಸು, ಒಂದು ಎಳೆಯೂ ಉಳಿಯಬಾರದು.

ಶೇಖರಮ್ಮ

ಮೈಸೂರು
18 ಜೂನ್ 1979

ಅಕ್ಕನಿಗೆ ಶರಣು.

ನೀನು ಕಿವಿಗೆ ಪದರ ಹಚ್ಚಿಸಿಕೊಂಡು ಹೋಗಿ ಕೊಪ್ಪಳದಲ್ಲಿ ರೈಲಿಳಿದು ಸುಖವಾಗಿ ಊರು ಸೇರಿದ ಸುದ್ದಿ ಅಮರನ ಕಾರ್ಡಿನಿಂದ ತಿಳಿಯಿತು. ಈಗ ನಾನು ಹೇಳುವುದನ್ನು ತಮ್ಮ ಹೇಳಿದ್ದೆಂದು ತಳ್ಳಿಹಾಕಬೇಡ, ಡಾಕ್ಟರು ಹೇಳಿದ್ದೆಂದು ಕೇಳು. ಕಿವಿಗೆ ನೀರು ಹೋಗಬಾರದು. ಮೂಗನ್ನು ಜೋರಾಗಿ ಸೀಟಬಾರದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನಂತೂ ಯಾರು ಎಷ್ಟು ಹೇಳಿದರೂ ಹನಿಸಬಾರದು. ಓಣಿಯ ಹೆಂಗಸರೆಲ್ಲ ಎಣ್ಣೆಯ ಬಟ್ಟಲು ಹಿಡಿದು ಬರುತ್ತಾರೆ, ನನಗೆ ಗೊತ್ತು.

ನೀನು ಹೊರಡುವ ಮುಂಚೆ ಕೇಳಿದೆಯಲ್ಲ, ಸೆರಗು ಕೆಲಸಕ್ಕೆ ಬಂತು. ಚಿಂತೆ ಬೇಡ.

ಮೂರನೆಯ ರೋಗಿ ನೀನು. ನಿನ್ನ ಮೇಲೆ ನನಗೆ ಎಲ್ಲರಿಗಿಂತ ಹೆಚ್ಚು ಭರವಸೆ ಇದೆ.

ಹಂಪಣ್ಣ

ಯಲಬುರ್ಗಾ
30 ಜುಲೈ 1979

ಹಂಪಣ್ಣನಿಗೆ ಆಶೀರ್ವಾದ.

ಕೇಳಿಸುತ್ತಿದೆ ಹಂಪಣ್ಣಾ! ನಾಗರ ಪಂಚಮಿಯ ದಿನ ಉಂಡಿ ಕಟ್ಟುತ್ತ ಕೂತಿದ್ದೆ. ಎಡಗಡೆ ಏನೋ ಸಣ್ಣಗೆ ಸರಸರ ಎಂದಿತು. ಹಾವೇ ಬಂತೆಂದು ಎದ್ದು ನಿಂತೆ. ನೋಡಿದರೆ ನನ್ನದೇ ಸೆರಗು. ಒಬ್ಬಳೇ ಕೂತು ನಕ್ಕೆ, ಆಮೇಲೆ ಅಳು ಬಂತು.

ಈಗ ರೊಟ್ಟಿ ಬಡಿದರೆ ಎರಡೂ ಕಡೆಯಿಂದ ಕೇಳಿಸುತ್ತದೆ. ಹಾಲು ಉಕ್ಕುವ ಮುಂಚೆ ಮೆಲ್ಲಗೆ ಒಂದು ಸದ್ದು ಮಾಡುತ್ತದೆ ನೋಡು, ಅದನ್ನು ಮರೆತೇ ಬಿಟ್ಟಿದ್ದೆ. ಇನ್ನೊಂದು ತಮಾಷೆ ಕೇಳು. ಮುದಕಮ್ಮ ನನ್ನನ್ನು ಬೈಯುತ್ತಾಳೆಂದು ಅವಳ ಜೊತೆ ಇಷ್ಟು ವರ್ಷ ಮಾತು ಬಿಟ್ಟಿದ್ದೆನಲ್ಲ, ಅವಳು ಬೈಯುವುದು ತನ್ನ ಎಮ್ಮೆಯನ್ನು! ನಿನ್ನೆ ಹೋಗಿ ಉಂಡಿ ಕೊಟ್ಟು ಬಂದೆ. ಅವಳು ಯಾಕೆ ಎಂದು ಕೇಳಿದಳು, ಪಂಚಮಿಯದು ಎಂದೆ.

ಅಮರನಿಗೆ ಹೆಣ್ಣು ನೋಡುತ್ತಿದ್ದೇವೆ. ಸಿದ್ದಾಪುರದ ಕಡೆಯದು, ಕಾಲುವೆ ನೀರಿನ ಗದ್ದೆಯವರು. ಅನ್ನ ಉಂಡು ಬೆಳೆದವಳು ನಮ್ಮ ಜೋಳದ ರೊಟ್ಟಿಗೆ ಹೊಂದುತ್ತಾಳೋ ಇಲ್ಲವೋ.

ಶೇಖರಮ್ಮ

ಮೈಸೂರು
14 ಜನವರಿ 1980

ಅಕ್ಕನಿಗೆ ಸಂಕ್ರಾಂತಿಯ ಶರಣು.

ಹೋದ ತಿಂಗಳು ತಪಾಸಣೆಗೆ ಬಂದಾಗ ನೀನು ಅವಸರದಲ್ಲಿದ್ದೆ, ಮಾತಾಡಲು ಆಗಲಿಲ್ಲ. ಎಲ್ಲ ಸರಿಯಿದೆ. ಸರಿಯಿದೆ ಎಂದರೆ ಸಾಲದು, ಅಷ್ಟು ಚೆನ್ನಾಗಿದೆ. ಕಿವಿಯೊಳಗೆ ದೀಪ ಹಾಕಿ ನೋಡಿದ ಡಾಕ್ಟರ್ ಶಹನಾಜಬೇಗಂ ನನ್ನ ಕೈ ಕುಲುಕಿದರು. ಅವರು ಯಾರ ಕೈಯನ್ನೂ ಕುಲುಕುವವರಲ್ಲ. ನಮ್ಮ ಕೆಲಸದ ಬಗ್ಗೆ ಒಂದು ಪ್ರಬಂಧ ಬರೆಯುತ್ತಿದ್ದೇನೆ. ಅದರಲ್ಲಿ ನಿನ್ನ ಹೆಸರಿಲ್ಲ, "ಮೂರನೆಯ ರೋಗಿ, ಹೆಣ್ಣು, ಕಾರಣ ಬಿದ್ದ ಪೆಟ್ಟು" ಎಂದಿದೆ. ಬಹುಮಾನ ಬಂದರೆ ಅರ್ಧ ನಿನಗೆ.

ಏಪ್ರಿಲ್‌ನಲ್ಲಿ ಅಮರನ ಮದುವೆಗೆ ನಾನೂ ನಮ್ಮಾಕೆಯೂ ಖಂಡಿತ ಬರುತ್ತೇವೆ.

ಹಂಪಣ್ಣ

ಯಲಬುರ್ಗಾ
9 ಜೂನ್ 1980

ಹಂಪಣ್ಣನಿಗೆ ಆಶೀರ್ವಾದ. ಎಲ್ಲರೂ ಆರಾಮ. ಸೊಸೆ ಪಂಪಮ್ಮ ಕೆಲಸದಲ್ಲಿ ಚುರುಕು, ಮಾತು ಕಡಿಮೆ.

ಕಿವಿಗೆ ಹಚ್ಚಿದ ರೇಷ್ಮೆಯನ್ನು ತೆಗೆಯಲು ಬರುತ್ತದೆಯೇ? ತೆಗೆದರೆ ಮೊದಲಿನ ಹಾಗೆ ಆಗುತ್ತದಲ್ಲ? ಬೇಗ ಬರೆ.

ಶೇಖರಮ್ಮ

ಮೈಸೂರು
2 ಜುಲೈ 1980

ಅಕ್ಕನಿಗೆ ಶರಣು.

ನಿನ್ನ ಕಾರ್ಡು ಓದಿ ಗಾಬರಿಯಾಯಿತು. ತುರಿಕೆಯೇ? ಸೋರುತ್ತಿದೆಯೇ? ಹೊಸದಾಗಿ ಕೇಳಿಸಲು ಹತ್ತಿದಾಗ ಕೆಲವರಿಗೆ ಜಗತ್ತೇ ಗದ್ದಲ ಎನ್ನಿಸುತ್ತದಂತೆ. ಸ್ವಲ್ಪ ತಾಳಿಕೋ, ಅಭ್ಯಾಸವಾಗುತ್ತದೆ. ಸೊಸೆ ಬಂದ ಮನೆ, ಪಾತ್ರೆ ಪಡಗ ಸದ್ದು ಮಾಡುವುದೇ.

ಪ್ರಬಂಧವನ್ನು ಹೈದರಾಬಾದಿನ ಸಭೆಯಲ್ಲಿ ಓದಿದೆ. ನಿನ್ನ ಕಿವಿಯ ಚಿತ್ರ ತೋರಿಸಿದಾಗ ಚಪ್ಪಾಳೆ ಬಿತ್ತು. ಅಂಥದ್ದನ್ನು ಈಗ ತೆಗೆ ಎನ್ನುತ್ತೀಯಲ್ಲ! ಇನ್ನೊಂದು ವರ್ಷವಾದರೂ ನೋಡೋಣ. ಹತ್ತಿ ಇಟ್ಟುಕೊಳ್ಳಬೇಡ, ಗಾಳಿ ಆಡಲಿ.

ಹಂಪಣ್ಣ

ಯಲಬುರ್ಗಾ
26 ಅಕ್ಟೋಬರ್ 1980

ಹಂಪಣ್ಣನಿಗೆ ಅಕ್ಕನ ಆಶೀರ್ವಾದ.

ನೀನು ಬರೆದದ್ದಕ್ಕೆ ಇಷ್ಟು ದಿನ ಉತ್ತರ ಕೊಡಲಿಲ್ಲ. ಏನು ಬರೆಯಲಿ? ಹುಚ್ಚಿ ಅನ್ನುತ್ತೀ ಎಂದು ಸುಮ್ಮನಿದ್ದೆ. ಇನ್ನು ತಾಳುವುದು ಆಗುವುದಿಲ್ಲ, ಅಂದುಕೊಂಡರೆ ಅಂದುಕೋ.

ನಾನು ಬಾವಿಯ ಮೆಟ್ಟಿಲ ಮೇಲೆ ಬೀಳಲಿಲ್ಲ. ನನ್ನ ಗಂಡ, ನಿಮ್ಮ ಮಾವ ಹೊಡೆದದ್ದು. ಸಾರಿಗೆ ಉಪ್ಪು ಹೆಚ್ಚಾಗಿತ್ತು. "ಎಷ್ಟ ಸಲ ಹೇಳಬೇಕ ನಿನಗ?" ಎಂದರು, ಹೊಡೆದರು. ಆ ಕಿವಿ ಕಡೆಯದಾಗಿ ಕೇಳಿದ್ದು ಆ ಮಾತು, ಆ ಏಟು. ಅಲ್ಲಿಗೆ ಮುಚ್ಚಿಹೋಯಿತು. ಅವರು ಸಾಯುವವರೆಗೂ ಮತ್ತೆ ಹೊಡೆದರು, ಬೈದರು, ಆದರೆ ಆ ಕಿವಿಯೊಳಗೆ ಮಾತ್ರ ಅವರ ಸದ್ದು ಹೋಗಲಿಲ್ಲ. ಮಲಗಿದಾಗ ಅದನ್ನು ಮೇಲೆ ಮಾಡಿ ಮಲಗುತ್ತಿದ್ದೆ. ಜಗತ್ತಿನಲ್ಲಿ ನನ್ನದು ಎನ್ನುವ ಜಾಗ ಅಷ್ಟೇ ಇತ್ತು.

ಈಗ ಅವರು ಅಲ್ಲಿಗೂ ಬಂದಿದ್ದಾರೆ.

ಮಧ್ಯಾಹ್ನ ಅಡ್ಡಾಗಿರುತ್ತೇನೆ. ಚಪ್ಪಲಿ ಬಿಡುವ ಸದ್ದು ಬರುತ್ತದೆ. ಒಂದು ಬಿಟ್ಟು, ತಡೆದು, ಇನ್ನೊಂದು. ಅವರು ಬಿಡುತ್ತಿದ್ದದ್ದೇ ಹಾಗೆ. ಆಮೇಲೆ ಅವರ ಸ್ವರ, "ಎಷ್ಟ ಸಲ ಹೇಳಬೇಕ ನಿನಗ?" ಆಮೇಲೆ ಏಟು. ಒಂದೇ. ಅಳುವ ಸದ್ದಿಲ್ಲ, ಏನೂ ಇಲ್ಲ. ದಿನವೂ ಬರುವುದಿಲ್ಲ. ಬರದ ದಿನ ಯಾವಾಗ ಬರುತ್ತದೋ ಎಂದು ಕಾಯುತ್ತ ಬೆವರುತ್ತೇನೆ. ಕಣ್ಣು ತೆರೆಯಲು ಧೈರ್ಯವಿಲ್ಲ. ತೆರೆದರೆ ಎದುರಿಗೆ ನಿಂತಿರುತ್ತಾರೆ ಎಂದು ಭಯ.

ತಪ್ಪು ನನ್ನದೇ. ಆ ಸೆರಗನ್ನು ಯಾಕೆ ಕಳಿಸಿದೆ ಗೊತ್ತೇ? ಮುತ್ತೈದೆತನ ಹೋದ ಮೇಲೆ ಉಡುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ, ಸುಡಲು ಕೈ ಬರಲಿಲ್ಲ. ನೀನು ಕುದಿಸಿ ಕರಗಿಸುತ್ತೀಯಲ್ಲ, ಇಲ್ಲದಂತಾಗಲಿ ಎಂದು ಕಳಿಸಿದೆ. ಅದನ್ನೇ ತಂದು ಕಿವಿಯೊಳಗೆ ಇಡಿಸಿಕೊಂಡೆ. ತಾಳಿ ಕಟ್ಟುವಾಗ ಅವರ ಕೈ ಮುಟ್ಟಿದ ಸೆರಗು. ಬರದೇ ಇರುತ್ತಾರೆಯೇ?

ಅಮರನಿಗೆ ಹೇಳಿಲ್ಲ. ಇರುವೆಯನ್ನೂ ತುಳಿಯದೆ ದಾಟಿ ಹೋಗುವ ಹುಡುಗ, ಅಪ್ಪನ ಮಾತು ಬಂದರೆ ಎದ್ದು ಹೋಗುತ್ತಾನೆ. ಕಿವಿಗೆ ಹತ್ತಿ ತುರುಕಿದ್ದು ನೋಡಿ, "ಯಾಕವ್ವಾ, ಮತ್ತ ಮಂದ ಆತೇನ?" ಎಂದ. ಹೂಂ ಎಂದೆ. ಮನೆಯಲ್ಲಿ ಎಲ್ಲರಿಗೂ ನನ್ನ ಕಿವಿ ಮತ್ತೆ ಹೋಗಿದೆ ಎಂದೇ ಹೇಳಿದ್ದೇನೆ.

ಹೋದ ಹುಣ್ಣಿಮೆಗೆ ಪಂಪಮ್ಮನನ್ನು ಕರೆದುಕೊಂಡು ಹುಲಿಗಿಗೆ ಹೋಗಿದ್ದೆ. ಹೊಳೆಯಲ್ಲಿ ಮುಳುಗಿ ಹುಲಿಗೆಮ್ಮನ ಮುಂದೆ ನಿಂತು, ಇವರನ್ನು ಕರೆದುಕೋ ತಾಯಿ ಎಂದು ಬೇಡಿಕೊಂಡೆ. ಆ ಹುಡುಗಿಗೂ ಸೊಕ್ಕು ಬಂದಿದೆ. ಹೊಳೆಯ ದಂಡೆಯಲ್ಲಿ ನಾನು ಅವಳ ಎಡಗಡೆ ನಿಂತು ಎಷ್ಟು ಕರೆದರೂ ತಿರುಗಿ ನೋಡಲಿಲ್ಲ.

ಬಂದು ಇದನ್ನು ತೆಗೆಸು. ನಿನ್ನ ಕಾಲಿಗೆ ಬೀಳುತ್ತೇನೆ.

ಶೇಖರಮ್ಮ

ಮೈಸೂರು
11 ನವೆಂಬರ್ 1980

ಅಕ್ಕಾ,

ನೀನು ಕಾಲಿಗೆ ಬೀಳುವ ಮಾತಾಡಬೇಡ. ನಿನ್ನ ಪತ್ರ ಓದಿದ ಮೇಲೆ ಪ್ರಯೋಗಾಲಯಕ್ಕೆ ಹೋಗಿಲ್ಲ.

ತೆಗೆಯಲು ಅಲ್ಲಿ ಏನೂ ಇಲ್ಲ ಅಕ್ಕಾ. ಹೋದ ವರ್ಷ ಡಿಸೆಂಬರಿನಲ್ಲಿ ನೋಡಿದಾಗಲೇ ರೇಷ್ಮೆ ಹೋಗಿತ್ತು. ಹೋಗಬೇಕಾದದ್ದೇ. ಚರ್ಮ ಬೆಳೆಯುವ ತನಕ ಆಸರೆಯಾಗಿದ್ದು ಮೆಲ್ಲಗೆ ಕರಗಿ ಉದುರಿಹೋಗುತ್ತದೆ. ಡಾಕ್ಟರ್ ನನ್ನ ಕೈ ಕುಲುಕಿದ್ದು ಅದಕ್ಕೇ. ಈಗ ನಿನಗೆ ಕೇಳಿಸುತ್ತಿರುವುದು ನಿನ್ನದೇ ಚರ್ಮದಿಂದ. ಅದನ್ನು ಹರಿಯುವ ಡಾಕ್ಟರ್ ಯಾರೂ ಇಲ್ಲ.

ಸೆರಗನ್ನೂ ನಾನು ಕರಗಿಸಲಿಲ್ಲ. ಬಣ್ಣ ಹಾಕಿದ ರೇಷ್ಮೆ ಕಿವಿಗೆ ಆಗುವುದಿಲ್ಲ. ಬಿಳಿಯ ಗೂಡಿನಿಂದಲೇ ಮಾಡಿದ್ದು. ನಿನ್ನ ಮನಸ್ಸಿಗೆ ನೋವಾಗಬಾರದೆಂದು ಕೆಲಸಕ್ಕೆ ಬಂತು ಎಂದೆ. ಅದು ನಮ್ಮಾಕೆಯ ಪೆಟ್ಟಿಗೆಯಲ್ಲಿತ್ತು. ನಿನ್ನೆ ಹಿತ್ತಲಲ್ಲಿ ಸುಟ್ಟೆ. ನಿನ್ನ ಬದಲು ನಾನು ಸುಟ್ಟೆ, ಪೂರ್ತಿ ಬೂದಿಯಾಗುವ ತನಕ ನಿಂತಿದ್ದೆ.

ಇನ್ನೊಂದು. ನಿನ್ನ ಕಿವಿ ನೋಡಿದ ದಿನವೇ ಡಾಕ್ಟರ್ ಶಹನಾಜಬೇಗಂ ನನಗೆ ಹೇಳಿದ್ದರು, "ಎದುರಿಗೆ ನಿಂತವನ ಬಲಗೈ ಬೀಳುವುದು ಎಡಗಿವಿಗೆ. ಹೆಂಡಂದಿರ ಎಡಗಿವಿ ಹೋಗಿದ್ದರೆ ನಾನು ಕಾರಣ ಕೇಳುವುದಿಲ್ಲ." ನಾನೂ ಕೇಳಲಿಲ್ಲ. ಬಾವಿಯ ಮೆಟ್ಟಿಲೆಂದೇ ಬರೆದೆ. ಅದು ನನಗೆ ಸುಲಭವಾಗಿತ್ತು.

ಈಗ ಆ ಸದ್ದಿನ ಮಾತು. ಕಿವಿ ಹಳೆಯ ಸದ್ದನ್ನು ಕೂಡಿಡುವುದಿಲ್ಲ ಅಕ್ಕಾ. ಅದು ಗುಂಯ್ ಎನ್ನಬಹುದು, ಶಿಳ್ಳೆ ಹಾಕಬಹುದು, ಮಾತಾಡುವುದಿಲ್ಲ. ಮನಸ್ಸು ಮಾತಾಡಬಹುದು. ಯಾವುದೆಂದು ತಿಳಿಯಲು ಒಂದು ಪರೀಕ್ಷೆ ಮಾಡು. ಮುಂದಿನ ಸಲ ಚಪ್ಪಲಿಯ ಸದ್ದು ಬಂದೊಡನೆ ಎದ್ದು ಕೂತು ಎಡಗಿವಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚು. ಬಲಗಿವಿಗೆ ಏನು ಕೇಳುತ್ತದೆ ನೋಡು. ಮಾವ ಇದ್ದಾಗ ಬಲಗಿವಿ ಚೆನ್ನಾಗಿಯೇ ಇತ್ತಲ್ಲ, ಅದು ಸುಳ್ಳು ಹೇಳುವುದಿಲ್ಲ. ಏನು ಕೇಳಿದರೂ ನನಗೆ ಬರೆ. ಹೆದರಬೇಡ.

ಹಂಪಣ್ಣ

ಯಲಬುರ್ಗಾ
19 ಜನವರಿ 1981

ಹಂಪಣ್ಣನಿಗೆ,

ನೀನು ಹೇಳಿದ ಹಾಗೆ ಮಾಡಿದೆ.

ಮೊದಮೊದಲು ಧೈರ್ಯ ಬರಲಿಲ್ಲ. ಸದ್ದು ಬಂದರೂ ಮುಸುಕು ಹಾಕಿಕೊಂಡು ಬಿದ್ದಿರುತ್ತಿದ್ದೆ. ಎಳ್ಳಮಾವಾಸ್ಯೆಗೆ ಹೊಲದ ತುಂಬ ಚರಗದ ಎಡೆ ಚೆಲ್ಲಿ ಬಂದ ಮೇಲೆ ಒಂದು ದಿನ ಗಟ್ಟಿ ಮನಸ್ಸು ಮಾಡಿದೆ. ಚಪ್ಪಲಿ ಬಿಟ್ಟ ಸದ್ದಾಯಿತು. ಎದ್ದು ಕೂತೆ. ಎಡಗಿವಿ ಮುಚ್ಚಿದೆ. "ಎಷ್ಟ ಸಲ ಹೇಳಬೇಕ ನಿನಗ?" ಬಲಗಿವಿಗೆ ಕೇಳಿತು, ಅದೇ ಸ್ವರ. ಒಳಕೋಣೆಯಿಂದ. ಏಟೂ ಕೇಳಿತು.

ದೆವ್ವವೇ ಆಗಿರಲಿ ದೇವರೇ, ದೆವ್ವವೇ ಆಗಿರಲಿ ಎಂದು ಬೇಡಿಕೊಂಡೆ. ಸತ್ತ ಗಂಡ ಬಂದಿದ್ದಾನೆ ಎಂದಾದರೆ ತಡೆದುಕೊಳ್ಳಬಹುದಿತ್ತು. ಎದ್ದು ಹೋಗಿ ಬಾಗಿಲು ದೂಡಿದೆ.

ಅಮರ ನಿಂತಿದ್ದ. ಕಚೇರಿಯ ಅಂಗಿ, ಜೇಬಿನಲ್ಲಿ ಪೆನ್ನು. ಪಂಪಮ್ಮ ತಟ್ಟೆಯ ಮುಂದೆ ಕೂತು ಎಡಗೆನ್ನೆ ಹಿಡಿದಿದ್ದಳು. ಅಳುತ್ತಿರಲಿಲ್ಲ, ಅವಳಿಗೆ ರೂಢಿಯಾಗಿತ್ತು. ಅವನು ನನ್ನನ್ನು ನೋಡಿದ. ತಪ್ಪಾಯಿತು ಎನ್ನುತ್ತಾನೆ ಎಂದು ಕಾದೆ.

"ಅವ್ವಾ, ನಿನಗ ಕೇಳಸ್ತೈತೇನ?" ಎಂದ.

ಅಷ್ಟೇ ಅವನು ಕೇಳಿದ್ದು. ಮಲಗಿದಾಗ ನನಗೆ ಏನೂ ಕೇಳುವುದಿಲ್ಲ ಎಂದು ನಂಬಿ ನನ್ನ ಪಕ್ಕದ ಕೋಣೆಯಲ್ಲೇ ಇದನ್ನು ನಡೆಸಿದ್ದ. ಕಿವಿ ಹೋಗಿದೆ ಎಂದು ನಾನೇ ಹೇಳಿದ್ದೆನಲ್ಲ.

"ಕೇಳಸ್ತೈತಿ. ಎರಡೂ ಕಿವಿಗೂ ಕೇಳಸ್ತೈತಿ" ಎಂದೆ. ಅವನು ಊಟ ಬಿಟ್ಟು ಹೋದ. ಅವನ ಸ್ವರ ಅವರ ಸ್ವರವೇ ಆಗಿದೆ ಹಂಪಣ್ಣಾ. ಹೆತ್ತವಳಿಗೆ ಅದು ಗೊತ್ತಾಗಲಿಲ್ಲ.

ಪಂಪಮ್ಮನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಎಡಗಿವಿಯ ಹತ್ತಿರ ಬಾಯಿ ಇಟ್ಟು ಹೆಸರು ಹಿಡಿದು ಕರೆದೆ. ಅವಳು ನನ್ನ ತುಟಿ ನೋಡಲು ತಿರುಗಿದಳು. "ಹುಣ್ಣಿಮಿ ಮುಂದ ಒಮ್ಮೆ ಹಿಂಗ ಆಗಿತ್ರಿ ಅತ್ತಿ, ತಾನ ಹೋಗಿತ್ತು. ಈಗ ಮತ್ತ ಆಗೈತಿ. ಗುಂಯ್ ಅಂತೈತ್ರಿ" ಎಂದಳು. ಸೊಕ್ಕು ಎಂದಿದ್ದೆ ನಾನು.

ಮನಸ್ಸಿನಿಂದ ಹೋಗದ ಮಾತು ಒಂದಿದೆ. ನಿಮ್ಮ ಮಾವ ನನ್ನನ್ನು ಹೊಡೆದ ದಿನ ನಮ್ಮತ್ತೆ ಇದೇ ಪಡಸಾಲೆಯಲ್ಲಿ ಅಡ್ಡಾಗಿದ್ದರು. ಅವರ ಎರಡೂ ಕಿವಿ ಚೆನ್ನಾಗಿದ್ದವು. ಇಷ್ಟು ದಿನ ಹೆದರಿದ್ದು ಅವರ ಮಗನಿಗೆ. ಈಗ ಆ ಮುದುಕಿಯ ಮುಖ ಕಣ್ಣಿಗೆ ಕಟ್ಟುತ್ತದೆ, ಅದು ನನ್ನ ಮುಖದ ಹಾಗೆಯೇ ಕಾಣುತ್ತದೆ.

ಪಂಪಮ್ಮನನ್ನು ಕರೆದುಕೊಂಡು ಬರುತ್ತಿದ್ದೇನೆ. ತವರಿಗೆ ಬಿಟ್ಟರೆ ಅವರಪ್ಪ ಮುಂದಿನ ಬಸ್ಸಿಗೇ ತಿರುಗಿ ತಂದುಬಿಡುತ್ತಾನೆ. ಔಷಧೋಪಚಾರ ಎಂದರೆ ಯಾರೂ ಬಾಯಿ ತೆಗೆಯುವುದಿಲ್ಲ. ಅಮರನೂ "ಕಿವಿ ಛಲೋ ಆಗೂತನ ಇರಲಿ" ಎಂದಿದ್ದಾನೆ. ಅವಳನ್ನು ಬಿಟ್ಟು ನಾನು ತಿರುಗಿ ಬರುತ್ತೇನೆ. ಈ ಮನೆಯಲ್ಲಿ ಅವನ ಎದುರು ದಿನಾ ಕೂತಿರುವುದು ನನ್ನ ಕೆಲಸ. ನೀನು ರೇಷ್ಮೆ ತಯಾರು ಮಾಡಿಟ್ಟುಕೋ. ಈ ಸಲ ಕಾರಣ ಸರಿಯಾಗಿ ಬರೆ.

ಶೇಖರಮ್ಮ

ಮೈಸೂರು
6 ಏಪ್ರಿಲ್ 1981

ಅಕ್ಕನಿಗೆ ಶರಣು.

ನೀನು ಹೋದ ಮೇಲೆ ಬರೆಯುವುದು ತಡವಾಯಿತು. ಪಂಪಮ್ಮ ಆರಾಮಾಗಿದ್ದಾಳೆ. ನಮ್ಮಾಕೆಗೆ ಗೋಧಿ ಹುಗ್ಗಿ ಮಾಡಲು ಕಲಿಸಿದ್ದಾಳೆ. ಬಂದ ಹೊಸದರಲ್ಲಿ ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಿಗೆ ಒಲೆಯ ಮುಂದಿನಿಂದ ಎದ್ದು ಗೋಡೆಗೆ ಆತು ನಿಲ್ಲುತ್ತಿದ್ದಳು. ಆಮೇಲೆ ನಾನು ಹೊರಗಿನ ಕಟ್ಟೆಯ ಮೇಲೇ ಬಿಟ್ಟು ಬರಿಗಾಲಲ್ಲಿ ಒಳಗೆ ಬರಲು ಹತ್ತಿದೆ.

ನಾನು ಮಾಡಿಟ್ಟ ರೇಷ್ಮೆ ಬೇಕಾಗಲಿಲ್ಲ. ಡಾಕ್ಟರ್ ಶಹನಾಜಬೇಗಂ ನೋಡಿ ಹೇಳಿದರು, ಹೊಸ ತೂತು, ಸಣ್ಣದು, ಏನೂ ಹಚ್ಚುವುದು ಬೇಡ, ತಾನೇ ಕೂಡಿಕೊಳ್ಳುತ್ತದೆ, ಮತ್ತೆ ಏಟು ಬೀಳದಿದ್ದರೆ ಸಾಕು. ಹಾಗೆಯೇ ಆಯಿತು. ಹೋದ ವಾರ ಪರೀಕ್ಷೆ ಮಾಡಿದಾಗ ಎರಡೂ ಕಿವಿ ಒಂದೇ ಸಮ. ಇಷ್ಟು ವರ್ಷ ಕೂಡಿಕೊಳ್ಳದ ಕಿವಿಗಳಿಗೆ ಮದ್ದು ಹುಡುಕುತ್ತಿದ್ದೆ ನಾನು. ಅವು ಯಾಕೆ ಕೂಡಿಕೊಳ್ಳಲಿಲ್ಲ ಎಂದು ಕೇಳಿರಲಿಲ್ಲ. ಪ್ರಬಂಧದಲ್ಲಿ ನಿನ್ನ ಕಾರಣವನ್ನು ತಿದ್ದಿ ಕಳಿಸಿದ್ದೇನೆ. ಅಂಥದ್ದನ್ನು ಬರೆಯುವ ವಾಡಿಕೆಯಿಲ್ಲ ಎಂದು ತಿರುಗಿ ಬಂದಿದೆ. ಮತ್ತೆ ಕಳಿಸುತ್ತೇನೆ.

ನಿನ್ನೆ ಅಮರ ಬಂದಿದ್ದ. ನಿನಗೆ ಹೇಳಿ ಬಂದನೋ ಇಲ್ಲವೋ. ಒಳಗೆ ಬಾ ಎಂದರೂ ಬರಲಿಲ್ಲ. ಗೇಟಿನ ಹತ್ತಿರ ನಿಂತು, ತಲೆ ತಗ್ಗಿಸಿ, ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ, "ಮಾಮಾ, ಆಕಿ ಕಿವಿ ಛಲೋ ಆತೇನ್ರಿ? ಕರಕೊಂಡು ಹೋಗಾಕ ಬಂದೀನ್ರಿ" ಎಂದ. ಬಡವಾಗಿದ್ದಾನೆ. ಕಣ್ಣಲ್ಲಿ ನೀರಿತ್ತು. ಅದು ಎಷ್ಟು ದಿನದ ನೀರೋ ನನಗೆ ಗೊತ್ತಿಲ್ಲ.

ಛಲೋ ಆಗೂತನ ಇರಲಿ ಎಂದು ಅವನು ಹೇಳಿದ್ದ, ವಾಸಿಯಾದರೆ ಕಳಿಸಬೇಕು. ಕಿವಿ ವಾಸಿಯಾಗಿರುವುದು ನಿಜ, ನಾನೇ ಅಳತೆ ಮಾಡಿ ಬರೆದಿಟ್ಟಿದ್ದೇನೆ.

ಅಷ್ಟರಲ್ಲಿ ಅಡುಗೆಮನೆಯ ಒಳಗಿನಿಂದ ಪಂಪಮ್ಮ ಉತ್ತರ ಕೊಟ್ಟಳು, ಅವನ ಮಾತಿಗೇ.

"ಮಾವಾರ, ನನಗಿನ್ನೂ ಕೇಳಸಂಗಿಲ್ಲ ಅಂತ ಹೇಳ್ರಿ."

ಅವಳು ಹೇಳಿದ್ದು ಅವನಿಗೂ ಕೇಳಿಸಿತು. ಆದರೂ ನಾನು ಅವನ ಮುಖ ನೋಡಿ ಅದನ್ನೇ ಇನ್ನೊಮ್ಮೆ ಹೇಳಿದೆ.

ಹಂಪಣ್ಣ